ಸಿಗ್ನಲ್ ಏಕಾಂತಪ್ಪನ ಹೊಟ್ಟೆಕಿಚ್ಚು

ಕೊಟ್ಟೂರಿನಲ್ಲಿ ಬರೀ ಏಕಾಂತಪ್ಪ ಎಂದರೆ ಯಾವ ಏಕಾಂತಪ್ಪ ಎಂದು ನಿಮ್ಮನ್ನೇ ತಿರುಗಿ ಕೇಳುತ್ತಾರೆ. ಸಿಗ್ನಲ್ ಏಕಾಂತಪ್ಪ ಎನ್ನಿ, ಕೂಡ್ಲಿಗಿ ರಸ್ತೆಯ ವೆಲ್ಡಿಂಗ್ ಅಂಗಡಿಯವರೆಗೆ ಕರೆದುಕೊಂಡು ಹೋಗಿ ಬಿಡುತ್ತಾರೆ. ಕಿಟಕಿ ಗ್ರಿಲ್ಲು, ಗೇಟು, ಟ್ರ್ಯಾಕ್ಟರ್ ಟ್ರೇಲರಿನ ರಿಪೇರಿ ಅವನ ಕಸುಬು. ಹುಚ್ಚು ಮಾತ್ರ ಬೇರೆ. ಮೂವತ್ತು ವರ್ಷದ ಹಿಂದೆ ಸಣ್ಣ ಗೇಜಿನ ರೈಲು ಹಳಿ ಕಿತ್ತಾಗ ಊರೂರಿನ ಗುಜರಿ ಅಂಗಡಿ ಸುತ್ತಿ, ಒಂಬತ್ತು ಸಿಗ್ನಲ್ ಕೈ, ನಾಲ್ಕು ಸೀಮೆಎಣ್ಣೆ ದೀಪ ಕೂಡಿಹಾಕಿದ್ದ. ಕೈ ಎಂದರೆ ಕಂಬದ ತುದಿಯಲ್ಲಿ ಅಡ್ಡ ಚಾಚಿರುತ್ತಿದ್ದ ಆ ಕೆಂಪು ಪಟ್ಟಿ. ಅದು ಬಾಗಿದರೆ ರೈಲು ಊರೊಳಗೆ ಬರಬಹುದು. ಒಂದು ಕೈಯಂತೂ ಮರಿಯಮ್ಮನಹಳ್ಳಿಯ ಯಾರದೋ ದನದ ಕೊಟ್ಟಿಗೆಗೆ ಅಗಳಿಯಾಗಿತ್ತು. ಆ ಪುಣ್ಯಾತ್ಮನಿಗೆ ಹೊಸ ಗೇಟನ್ನೇ ಮಾಡಿಕೊಟ್ಟು ಬಿಡಿಸಿಕೊಂಡು ಬಂದಿದ್ದ.

ಎಲ್ಲಕ್ಕಿಂತ ದೊಡ್ಡದು ಅಂಗಡಿಯ ಬಾಗಿಲ ಮೇಲೆ ತೂಗುತ್ತಿತ್ತು. "ಇದು ನಮ್ಮೂರಿನ ಹೋಮ್ ಸಿಗ್ನಲ್ಲು, ರೈಲನ್ನ ಸ್ಟೇಷನ್ನಿನೊಳಗ ಬಿಡೋದು. ಹಳಿ ಇಲ್ಲಿಗೇ ಮುಗೀತಿತ್ತು, ರೈಲು ಬರ್ತಿದ್ದದ್ದು ಒಂದ ಕಡಿಯಿಂದ. ಅದಕ್ಕ ಕೊಟ್ಟೂರಿಗೆ ಇಂಥಾದು ಒಂದ ಒಂದು ಕೈ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಪುರಾವೆ? ಮಾರಿದ ಗುಜರಿಯವನ ಬಾಯಿಮಾತು. ಅವನು ಸತ್ತು ಎಷ್ಟೋ ವರ್ಷವಾಗಿತ್ತು. ಯಾರೂ ಕೇಳಿರಲಿಲ್ಲ, ಏಕಾಂತಪ್ಪನೂ ತಲೆ ಕೆಡಿಸಿಕೊಂಡಿರಲಿಲ್ಲ.

ಆಮೇಲೆ ರಮಾ ಬಂದಳು ನೋಡಿ!

ರಮಾ ಹಗರಿಬೊಮ್ಮನಹಳ್ಳಿಯಲ್ಲಿ ಬ್ಲೌಸ್ ಹೊಲಿಯುವವಳು. ಯಾರೋ ಒಂದು ಹಳೆಯ ಖಾಕಿ ಕೋಟನ್ನು ಬಿಚ್ಚಿ ಸಂತೆಯ ಚೀಲ ಹೊಲಿದುಕೊಡು ಎಂದು ಕೊಟ್ಟರಂತೆ. ಜೇಬಿನಲ್ಲಿ ರೈಲಿನವರ ಬಿಲ್ಲೆ ಸಿಕ್ಕಿತಂತೆ. ಅದು ಯಾರ ಕೋಟು ಎಂದು ಹುಡುಕಲು ಹೊರಟವಳು ಇನ್ನೂ ನಿಂತಿಲ್ಲ. ಅವಳ ಹತ್ತಿರ ಇದ್ದದ್ದು ಮೂರೇ ಮೂರು ರೈಲಿನ ಸಾಮಾನು, ಒಂದು ದಪ್ಪ ನೋಟ್‌ಬುಕ್ಕು. ಆದರೆ ಕಬ್ಬಿಣದ ಮೇಲಿನ ಮಾಸಿದ ಅಚ್ಚಿಗೆ ಬಟರ್ ಪೇಪರ್ ಒತ್ತಿ, ದರ್ಜಿಯ ಸೀಮೆಸುಣ್ಣ ತಿಕ್ಕಿ, ನಂಬರನ್ನು ಎಬ್ಬಿಸುತ್ತಿದ್ದಳು. ಆ ನಂಬರು ಹಿಡಿದು ಹಳ್ಳಿ ಹಳ್ಳಿಗೆ ಹೋಗಿ ಕೂತು ಮಾತಾಡಿಸುತ್ತಿದ್ದಳು. ಮುದುಕರು ಏಕಾಂತಪ್ಪನಿಗೆ ಹೇಳದ್ದನ್ನೆಲ್ಲ ಅವಳಿಗೆ ಹೇಳುತ್ತಿದ್ದರು. ಅವನ ಹೊಟ್ಟೆ ಉರಿದದ್ದು ಅದಕ್ಕೇ.

ಉರಿಗೆ ತುಪ್ಪ ಬಿದ್ದದ್ದು ಹಗರಿಬೊಮ್ಮನಹಳ್ಳಿಯ ಶಾಲೆಯೊಂದರ ವಸ್ತುಪ್ರದರ್ಶನದಲ್ಲಿ. ಏಕಾಂತಪ್ಪ ಒಂದು ದೀಪಕ್ಕೆ 'ಹರಪನಹಳ್ಳಿ ಸ್ಟೇಷನ್ನಿನದು' ಎಂದು ಚೀಟಿ ಅಂಟಿಸಿ ಇಟ್ಟಿದ್ದ. ರಮಾ ಬಗ್ಗಿ ಓದಿ, ಮೆಲ್ಲಗೆ, "ಅಣ್ಣಾರ, ಆಗ ಹಳಿ ಕೊಟ್ಟೂರಿಗೇ ಮುಗೀತಿತ್ತಲ್ರಿ. ಹರಪನಹಳ್ಳಿಗೆ ರೈಲು ಬಂದಿದ್ದು ಮೊನ್ನಿ ಮೊನ್ನಿ. ಈ ದೀಪ ಅಲ್ಲೀದು ಹೆಂಗಾಗತೈತ್ರಿ?" ಎಂದಳು. ಮೇಷ್ಟ್ರುಗಳೆಲ್ಲ ಗೊಳ್ ಎಂದು ನಕ್ಕರು. ಹಳಿ ಮುಗಿಯುವ ಊರಿನಲ್ಲೇ ಹುಟ್ಟಿ, ಅದನ್ನೇ ಊರಿಗೆಲ್ಲ ಹೇಳಿಕೊಂಡು ತಿರುಗುವವನು! ಮುಖ ಎಲ್ಲಿಡಬೇಕು? ಮುಂದಿನ ವಾರ ಪೇಪರಿನಲ್ಲಿ ರಮಾಳ ಫೋಟೋ ಬಂತು. ಇವನಿಗೆ ಸಿಕ್ಕಿದ್ದು 'ಮತ್ತೊಬ್ಬ ಸಂಗ್ರಾಹಕ' ಎಂಬ ಎರಡು ಪದ, ಹೆಸರೂ ಇಲ್ಲ. ಎರಡು ದಿನ ಅನ್ನ ರುಚಿಸಲಿಲ್ಲ. ಹೆಂಡತಿ ಕೊಟ್ರಬಸಮ್ಮ ಏನಾಯಿತೆಂದು ಕೇಳಿದರೆ ಸಾರಿಗೆ ಉಪ್ಪಿಲ್ಲ ಎಂದು ರೇಗಿದ.

ಹೀಗಿರುವಾಗ ಒಂದು ಶುಕ್ರವಾರ ಅವಳದೇ ಫೋನು.

"ಅಣ್ಣಾರ, ಐತವಾರ ಬರತೀನ್ರಿ. ಇಟ್ಟಿಗಿ ಊರಿನ ಗಾದೆಮ್ಮ ಅಂತ ಒಬ್ರು ಅದಾರ, ಅವರ ಅಪ್ಪ ರೈಲಿನ್ಯಾಗ ಸಿಗ್ನಲ್ ಫಿಟ್ಟರ್ ಆಗಿದ್ರಂತ. ಯಾವ ಸ್ಟೇಷನ್ನಿಗೆ ಯಾವ ನಂಬರಿನ ಕೈ ಅಂತ ಅವರು ಬರದಿಟ್ಟ ಪಟ್ಟಿ ಸಿಕ್ಕೈತಿ. ನಿಮ್ಮ ಕೈಗೂ ನಂಬರ್ ಇರತೈತಿ, ಕೆಂಪು-ಹಸರು ಗಾಜು ಕೂಡೋ ಚೌಕಟ್ಟಿನ ಹಿಂದ, ಬಣ್ಣದ ತೆಳಗ. ನೋಡೇಬಿಡೋಣು."

ಏಕಾಂತಪ್ಪ ಮನಸ್ಸಿನಲ್ಲೇ ಬೇಡವೆನ್ನಲು ನೆಪ ಹುಡುಕಿದ. ಬಾಯಿ ಮಾತ್ರ "ಬಾರವ್ವ, ಬಾ" ಎಂದಿತು.

ಶನಿವಾರ ಮಧ್ಯಾಹ್ನ ಅಂಗಡಿಯ ಅರ್ಧ ಬಾಗಿಲು ಎಳೆದುಕೊಂಡು ಬಾಗಿಲ ಮೇಲಿನ ಸಿಗ್ನಲ್ ಕೈಯನ್ನು ಕೆಳಗಿಳಿಸಿದ. ಚೌಕಟ್ಟಿನ ಹಿಂದೆ ಸೀಮೆಎಣ್ಣೆ ಹಚ್ಚಿ ಕೆರೆದ. ಕೆಂಪು ಹೋಯಿತು, ಕೆಳಗೊಂದು ಬೂದು ಹೋಯಿತು, ಅಚ್ಚು ಎದ್ದು ಕಂಡಿತು: ೨೧೬. ಮೂವತ್ತು ವರ್ಷ ತಲೆಯ ಮೇಲೇ ತೂಗಿದ್ದನ್ನು ಮೊದಲ ಸಲ ನೋಡಿದ. ಪಟ್ಟಿಯಲ್ಲಿ ೨೧೬ ಬೇರೆ ಊರಿನದಾಗಿದ್ದರೆ? ಊರಿಗೆ ಊರೇ ನಗುತ್ತದೆ. ಕೊಟ್ಟೂರಿನದೇ ಆಗಿದ್ದರೆ? ಅದು ಇನ್ನೂ ಸಂಕಟ. ತಂದವನು ತಾನು, ಕಾಪಾಡಿದವನು ತಾನು, ಕಂಡುಹಿಡಿದವಳು ಮಾತ್ರ ರಮಾ ಎಂದಾಗುತ್ತದೆ! ಪೇಪರಿನಲ್ಲಿ ಮತ್ತೆ ಅವಳದೇ ಮುಖ ಬರುತ್ತದೆ. ಅಷ್ಟು ಯೋಚನೆ ಬಂದದ್ದೇ ತಡ, ಗ್ರೈಂಡರ್ ಹಿಡಿದುಬಿಟ್ಟ. ಕಿಡಿ ಹಾರಿ ಮೂರು ಅಂಕಿಯೂ ನಿಮಿಷದೊಳಗೆ ನುಣ್ಣಗಾದವು.

ಚಹಾ ತಂದ ಕೊಟ್ರಬಸಮ್ಮ ಬಾಗಿಲಲ್ಲೇ ನಿಂತಳು. "ಏನ್ ಮಾಡಾಕತ್ತೀರಿ?"

"ತುಕ್ಕು ತೆಗೀತೀನಿ."

"ಮೂವತ್ತು ವರ್ಷ ಉಗುರು ಮುಟ್ಟಿಸಲಿಲ್ಲ. ನಾಳೆ ಆಕಿ ಬರತಾಳಂದ್ರ ಇವತ್ತ ತುಕ್ಕು ಬಂತೇನು?" ಎಂದವಳೇ ಚಹಾ ಕುಕ್ಕಿಟ್ಟು ಹೋದಳು.

ಭಾನುವಾರ ಹತ್ತರ ಬಸ್ಸಿಗೆ ರಮಾ ಇಳಿದಳು. ಅಂಗಡಿಗೆ ಬಂದವಳೇ ಸಿಗ್ನಲ್ ಕೈಯನ್ನು ತಿರುವಿ ನೋಡಿದಳು. ಹೊಸ ತಟ್ಟೆಯ ಹಾಗೆ ಹೊಳೆಯುತ್ತಿದ್ದ ಜಾಗದ ಮೇಲೆ ಹೆಬ್ಬೆರಳಾಡಿಸಿದಳು. "ಇದೇನ್ರಿ ಅಣ್ಣಾರ?"

"ತುಕ್ಕು ತಿಂದಿತ್ತು. ತಿಕ್ಕಿದೆ."

ಅವಳು ಚೀಲದಿಂದ ಪಟ್ಟಿಯ ಜೆರಾಕ್ಸ್ ತೆಗೆದು ಬೆಂಚಿನ ಮೇಲೆ ಹರಡಿದಳು. ಮೂರನೆಯ ಸಾಲು: ಕೊಟ್ಟೂರು, ಹೋಮ್, ೨೧೬.

ಏಕಾಂತಪ್ಪ ಬೆಂಚಿನ ಮೇಲೆ ಬಗ್ಗಿ ಆ ಸಾಲನ್ನು ಓದಿದ. ತಾನು ಹೇಳುತ್ತ ಬಂದದ್ದು ನಿಜ! ಅಕ್ಷರಶಃ ನಿಜ! "ಇದರ ಮ್ಯಾಲೂ ಅದ ಇತ್ತು! ಎರಡು, ಒಂದು, ಆರು!" ಎಂದು ಕೂಗಿಯೇಬಿಟ್ಟ.

ರಮಾ ಪಟ್ಟಿಯನ್ನು ನೋಡಿದಳು, ಅವನನ್ನು ನೋಡಿದಳು. "ಪಟ್ಟಿ ನೋಡಿದ ಮ್ಯಾಲ ಹೇಳಿದ್ರಲ್ರಿ" ಎಂದಳು. ದನಿಯಲ್ಲಿ ಚುಚ್ಚುವಿಕೆ ಇರಲಿಲ್ಲ, ಅದನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಅವಳು ನೋಟ್‌ಬುಕ್ ಬಿಡಿಸಿ, ಗೆರೆ ಹಾಕಿದ ಕಡೆಯ ಸಾಲಿನ ಮೇಲೆ ಬೆರಳಿಟ್ಟಳು. ಅಲ್ಲಿ 'ಹೇಗೆ ಗೊತ್ತಾಯಿತು' ಎಂದಿತ್ತು. "ಇಲ್ಲೊಂದು ಬರೀಬೇಕ್ರಿ. ಇದು ಖಾಲಿ ಇದ್ರ ಯಾವ ಸಾಮಾನಿಗೂ ನಾ ಊರಿನ ಹೆಸರು ಬರಿಯಾಂಗಿಲ್ಲ. ಏನಂತ ಬರೀಲಿ? ತುಕ್ಕು ತಿಂದಿತ್ತು ಅಂತನ?"

ಹೂಂ ಎಂದರೆ ಮಾನ ಉಳಿಯುತ್ತದೆ, ಕೈ ಮಾತ್ರ ಊರಿಲ್ಲದ್ದಾಗುತ್ತದೆ. ಕೊಟ್ರಬಸಮ್ಮ ಬಾಗಿಲಲ್ಲಿ ನಿಂತು ಗಂಡನನ್ನೇ ನೋಡುತ್ತಿದ್ದಳು. ಏಕಾಂತಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಎರಡು ಸಲ ಮುಖ ಒರೆಸಿಕೊಂಡ.

"ಬರಕೊ. ನಿನ್ನಿ ಮಧ್ಯಾಹ್ನ ಬಣ್ಣ ಕೆರದು ಓದೀನಿ. ಎರಡು, ಒಂದು, ಆರು. ಓದಿದ ಮ್ಯಾಲ ನಾನ ಗ್ರೈಂಡರ್ ಹಿಡದು ಅಳಿಸೀನಿ."

"ಯಾಕ್ರಿ?"

"ಹೊಟ್ಟಿಕಿಚ್ಚಿಗೆ. ನಿನ್ನ ಮ್ಯಾಲಿನ ಹೊಟ್ಟಿಕಿಚ್ಚಿಗೆ. ಅದನ್ನೂ ಬರಿ."

ರಮಾ ಪೆನ್ನು ಎತ್ತಿದವಳು ಹಾಗೇ ನಿಂತಳು. "ಅಯ್ಯ, ಅದೆಲ್ಲ ಯಾಕ್ರಿ ಅಣ್ಣಾರ. ಕೈತಪ್ಪಿ ಅಳಿಸೇತಿ ಅಂತ ಬರೀತೀನಿ ಬಿಡ್ರಿ."

"ಏ, ಹುಚ್ಚಿ!" ಅವನಿಗೆ ಸಿಟ್ಟೇ ಬಂತು. "ಕೈತಪ್ಪಿ ಅಂದ್ರ ಯಾರು ನಂಬತಾರ? ನಂಬರ್ ನೋಡದನ ಅಳಿಸ್ಯಾನ, ಆಮ್ಯಾಲ ಪಟ್ಟಿ ನೋಡಿ ಹೇಳ್ಯಾನ ಅಂತಾರ. ತನ್ನ ಮ್ಯಾಲ ತಾನ ಇಂಥಾ ಸಣ್ಣತನ ಯಾವನಾರ ಕಟ್ಟಿ ಹೇಳತಾನನು? ಅದನ್ನ ಬರದ್ರನ ಇದು ಕೊಟ್ಟೂರಿಂದು ಆಕೈತಿ. ಬರಿ ಅಂದ್ರ ಬರಿ!"

"ಗ್ರೈಂಡರ್ ಹಿಡದಿದ್ದು ನಾನೂ ನೋಡೀನಿ. ನನ್ನ ಹೆಸರೂ ಹಾಕ್ಕೊ ತಂಗಿ" ಎಂದಳು ಕೊಟ್ರಬಸಮ್ಮ.

ರಮಾ ತಲೆ ತಗ್ಗಿಸಿ ನಿಧಾನವಾಗಿ ಬರೆದಳು. ಬರೆದು ಅವನ ಕಡೆ ತಿರುಗಿಸಿದಳು: 'ಕೊಟ್ಟೂರು ಹೋಮ್ ಸಿಗ್ನಲ್. ಅಚ್ಚಿನ ನಂಬರ್ ೨೧೬. ಓದಿದವರು ಏಕಾಂತಪ್ಪ. ಓದಿದ ಮೇಲೆ ಹೊಟ್ಟೆಕಿಚ್ಚಿನಿಂದ ಅಳಿಸಿದವರೂ ಅವರೇ. ಕಂಡವರು ಕೊಟ್ರಬಸಮ್ಮ.'

ಅವನು ಎರಡು ಸಲ ಓದಿದ. ಇನ್ನು ಕೊಟ್ಟೂರಿನ ಕೈ ಎಂದವರೆಲ್ಲ ಈ ಸಾಲನ್ನೂ ಓದುತ್ತಾರೆ. ಓದಲಿ. ಪೆನ್ನು ಇಸಕೊಂಡು ಕೆಳಗೆ ಸಹಿ ಹಾಕಿದ. ಸಹಿ ಅಡ್ಡಾದಿಡ್ಡಿ ಬಿತ್ತು. ಅವಳ ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗಿತ್ತು. ಥೂ, ಇವಳ ಅಕ್ಷರವೂ ಇಷ್ಟು ಚಂದ ಇರಬೇಕೇ ಎಂದು ಅವನ ಹೊಟ್ಟೆ ಮತ್ತೆ ಉರಿಯಿತು.