ಶಬಾನಾ ಎಳೆದ ಸರಪಳಿ

ಅನುಭವ ಬರೆಯುವವರಿಗೆ ತಲೆ ನರೆತಿರಬೇಕು ಅನ್ನುತ್ತಾರೆ. ನನ್ನದಿನ್ನೂ ಕಪ್ಪಗಿದೆ. ಆದರೆ 2004ರಲ್ಲಿ ತುಮಕೂರಿನ ಒಂದು ದೈಹಿಕ ಶಿಕ್ಷಣ ಕಾಲೇಜಿನಲ್ಲಿ ರಿಸರ್ಚ್ ಅಸಿಸ್ಟೆಂಟ್ ಆಗಿದ್ದಾಗ ನಡೆದದ್ದನ್ನು ತಲೆ ನರೆಯುವವರೆಗೆ ಹೊಟ್ಟೆಯಲ್ಲಿಟ್ಟುಕೊಳ್ಳಲು ನನ್ನಿಂದಾಗದು. ರಿಸರ್ಚ್ ಅಸಿಸ್ಟೆಂಟ್ ಅಂದರೆ ಮೆಷಿನ್ ಹೊರುವುದು, ರೀಡಿಂಗ್ ಬರೆಯುವುದು ಮತ್ತು ನಮ್ಮ ಗೈಡ್ ರಂಗಸ್ವಾಮಿ ಸರ್ ಊಟಕ್ಕೆ ಹೋದಾಗ ಕನ್ನಡಕವನ್ನು ಮೂಗಿನ ತುದಿಗಿಳಿಸಿ ಅವರ ಹಾಗೇ ಕೆಮ್ಮುವುದು. ಮೂರನೆಯದರಲ್ಲಿ ಮಾತ್ರ ನಾನು ಪರಿಣತ.

ಮೆಷಿನ್ನಿನ ಹೆಸರು ಡೈನಮೊಮೀಟರ್. ಹಲಗೆಯ ಮೇಲೆ ನಿಂತು, ಸರಪಳಿಗೆ ಕಟ್ಟಿದ ಹಿಡಿಯನ್ನು ಮೇಲಕ್ಕೆ ಎಳೆಯಬೇಕು. ಬೆನ್ನು, ಕಾಲಿನ ಸ್ನಾಯುಗಳಲ್ಲಿ ಎಷ್ಟು ಬಲವಿದೆ ಎಂದು ಡಯಲ್ಲಿನ ಮುಳ್ಳು ತೋರಿಸುತ್ತದೆ. ಗುಬ್ಬಿ ಮತ್ತು ಕುಣಿಗಲ್‌ನ ಎರಡು ಕಾಲೇಜುಗಳ ಕಬಡ್ಡಿ ಹುಡುಗಿಯರನ್ನು ಮೊದಲು ನಮ್ಮ ಲ್ಯಾಬಿಗೆ ಕರೆಸಿ, ಒಬ್ಬೊಬ್ಬರನ್ನೇ ಒಳಗೆ ಬಿಟ್ಟು ಎಳೆಸಿದೆವು. ಕೆಲವು ವಾರಗಳ ತರಬೇತಿಯಾದ ಮೇಲೆ ಅವರವರ ಮೈದಾನಕ್ಕೇ ಹೋದೆವು. ಜೊತೆಗೆ ಡೋಪಿಂಗ್ ಬಗ್ಗೆ, ಅಂದರೆ ಶಕ್ತಿಗಾಗಿ ನಿಷೇಧಿತ ಔಷಧಿ ತೆಗೆದುಕೊಳ್ಳುವುದರ ಬಗ್ಗೆ, ನನ್ನದೊಂದು ಭಾಷಣ: “ಜಿಮ್ಮಿನವರು ಕೊಡೋ ಪುಡಿ ಡಬ್ಬ ಮುಟ್ಟಬೇಡಿ!”

ಕುಣಿಗಲ್‌ನಲ್ಲಿ ಅವರ ಮೇಡಂ ಎದುರಿಗೆ ಕಾಗೆ ಕೂಡ ಕೈಯೆತ್ತಿ ಅನುಮತಿ ಕೇಳಿ ಕೂಗಬೇಕು. ಎಲ್ಲರೂ ಮೌನವಾಗಿ ಎಳೆದರು, ಮುಳ್ಳು ಹಿಂದಿನ ಸಲ ನಿಂತಲ್ಲೇ ನಿಂತಿತು. ಗುಬ್ಬಿಯಲ್ಲಿ ಹಾಗಲ್ಲ. ಇಡೀ ಟೀಮು ಮೆಷಿನ್ನಿಗೆ ಮುತ್ತಿಗೆ ಹಾಕಿತ್ತು. ರೈಡರ್ ಶಬಾನಾ ಹಿಡಿಗೆ ಕೈ ಹಾಕಿದ್ದೇ ತಡ, ಕ್ಯಾಪ್ಟನ್ ಕವಿತಾ ಶುರು ಹಚ್ಚಿಕೊಂಡಳು. “ಏನ್ಲೇ, ಸರಪಳಿ ಎಳೀತಿದೀಯಾ, ಮಲ್ಲಿಗೆ ಹೂ ಕೀಳ್ತಿದೀಯಾ? ಬುಡು ಬುಡು, ನಮ್ಮಜ್ಜೀನೇ ಕರ್ಕೊಂಡ್ ಬರ್ತೀನಿ!” ಮುಳ್ಳು ಧಡಕ್ಕನೆ ಮೇಲೇರಿತು. ಉಳಿದವರದ್ದೂ ಅಷ್ಟೇ.

ಸರ್ ಹಿಗ್ಗಿದರು. ಆದರೆ ಆ ಹಿಗ್ಗು ಶಬಾನಾಳ ಬ್ಯಾಗಿನಿಂದ ಒಂದು ಡಬ್ಬ ಇಣುಕುವವರೆಗೆ ಮಾತ್ರ. ಡಬ್ಬದ ಮೇಲೊಬ್ಬ ಗಂಡಾಳು ತನ್ನ ತೋಳನ್ನು ತಾನೇ ನೋಡಿಕೊಂಡು ಬೆರಗಾಗಿದ್ದ.

“ಇದೇನಮ್ಮಾ?”

“ಹುರಿಟ್ಟು ಸಾರ್, ಟೀಮೆಲ್ಲ ತಿಂತೀವಿ. ಕವಿತಾ ಅವ್ರಮ್ಮ ಮಾಡಿದ್ದು. ಡಬ್ಬ ನಮ್ಮಣ್ಣ ತಂದಿದ್ದು, ಅಂತರಸನಹಳ್ಳಿಯಿಂದ. ಅಲ್ಲಿ ಫ್ಯಾಕ್ಟರೀಲಿ ಯಾರೋ ಎಸೆದಿದ್ರಂತೆ. ಅಮ್ಮಿ ತೊಳೆದಿಟ್ಟಿದ್ರು.”

ಮುಚ್ಚಳ ತೆಗೆದರೆ ರಾಗಿ, ಬೆಲ್ಲ, ಏಲಕ್ಕಿಯ ಘಮ. ನಮ್ಮ ಮನೆಗಳಲ್ಲಿ ಡಬ್ಬದ ಮೇಲೆ ಬರೆದದ್ದೇ ಒಳಗೂ ಇದ್ದರೆ ನೆಂಟರು ಗಾಬರಿಯಾಗುತ್ತಾರೆ. ಬಿಸ್ಕತ್ತಿನ ಡಬ್ಬದಲ್ಲಿ ಸೂಜಿದಾರ, ಐಸ್‌ಕ್ರೀಮಿನ ಡಬ್ಬದಲ್ಲಿ ಇಡ್ಲಿಹಿಟ್ಟು. ಸರ್ ನಗಲಿಲ್ಲ. “ಇದರಲ್ಲಿ ಏನು ಬೆರೆತಿದೆಯೋ ಯಾರಿಗೆ ಗೊತ್ತು? ಕುಣಿಗಲ್‌ನವರು ಇದ್ದಲ್ಲೇ ಇದಾರೆ, ಇವರು ಮಾತ್ರ ಹೇಗೆ ಏರಿದರು? ಪ್ರಿನ್ಸಿಪಾಲರಿಗೆ ತಿಳಿಸಲೇಬೇಕು.”

ಶಬಾನಾಳ ಮುಖ ಇಳಿದುಹೋಯಿತು. ಮುಂದಿನ ವಾರ ಯೂನಿವರ್ಸಿಟಿ ಟೀಮಿನ ಸೆಲೆಕ್ಷನ್. ಮೂತ್ರ ಪರೀಕ್ಷೆಗೆ ಕಳಿಸಿದರೂ ರಿಪೋರ್ಟು ಬರುವಷ್ಟರಲ್ಲಿ ಅದು ಮುಗಿದಿರುತ್ತಿತ್ತು. “ಸಾರ್, ನಮ್ಮ ಅಬ್ಬಾ ಟೈಲರ್. ಇಡೀ ಟೀಮಿನ ಚಡ್ಡಿ ಅವರೇ ಹೊಲಿದಿರೋದು. ಆಡು, ಹೆಸರು ಮಾತ್ರ ಕೆಡಿಸ್ಕೋಬೇಡ ಅಂದವ್ರೆ. ಅಂಗಡಿಗೆ ಬಂದೋರೆಲ್ಲ ಡೋಪಿಂಗ್ ಅಂತ ಕೇಳಿದ್ರೆ ಅವರು ಏನು ಹೇಳ್ಬೇಕು?”

ಇನ್ನೊಂದೇ ಒಂದು ಸಲ ಲ್ಯಾಬಿನಲ್ಲಿ ಎಳೆಸೋಣ ಎಂದು ಬೇಡಿಕೊಂಡೆ. ಸರ್ ಒಪ್ಪಿದರು.

ಮರುದಿನ ಶಬಾನಾ ಡಬ್ಬವಿಲ್ಲದೆ, ಅಬ್ಬಾನ ಜೊತೆ ಬಂದಳು. ಲ್ಯಾಬು ನಿಶ್ಶಬ್ದ. ಎಳೆದಳು. ಮುಳ್ಳು ಹಳೆಯ ಜಾಗಕ್ಕೇ ಹೋಗಿ ಕೂತಿತು.

“ನೋಡಿದ್ಯೇನಯ್ಯಾ? ಪುಡಿ ಇಲ್ಲ, ಬಲವೂ ಇಲ್ಲ,” ಅಂದರು ಸರ್.

ಅಬ್ಬಾ ನೆಲ ನೋಡಿದರು. ಸಹಾಯ ಮಾಡಲು ಹೋಗಿ ನಾನೇ ಹುಡುಗಿಯ ಕುತ್ತಿಗೆಗೆ ಸರಪಳಿ ಹಾಕಿದ್ದೆ. ಆ ಮೌನದಲ್ಲಿ ಫ್ಯಾನು ತಿರುಗುವುದು ಕೂಡ ಕೇಳುತ್ತಿತ್ತು. ಗುಬ್ಬಿಯ ಗದ್ದಲದಲ್ಲಿ ನಾನು ಓದಿದ ರೀಡಿಂಗ್ ನನ್ನ ಕಿವಿಗೇ ಬಿದ್ದಿರಲಿಲ್ಲವಲ್ಲ! ತಲೆಯಲ್ಲಿ ಏನೋ ಟಕ್ ಅಂದಿತು. ಶಬಾನಾಳ ಬೆನ್ನ ಹಿಂದೆ ನಿಂತು, ಸೊಂಟಕ್ಕೆ ಕೈಯಿಟ್ಟು, ಕವಿತಾಳ ಕೀಚಲು ದನಿ ತೆಗೆದೆ. “ಏನ್ಲೇ ಶಬಾನಾ, ಇಷ್ಟೇನಾ? ಗುಬ್ಬೀಲಿ ಒಲೆಗೆ ಊದೋರು ಯಾರೂ ಇಲ್ವಂತೆ, ಹೋಗು!”

ಮೊದಲು ಬೆಚ್ಚಿದಳು, ಆಮೇಲೆ ಕೆರಳಿದಳು. ಹಲ್ಲು ಕಚ್ಚಿ ಎಳೆದಳು ನೋಡಿ, ಮುಳ್ಳು ಗುಬ್ಬಿಯ ಅಂಕಿ ಮುಟ್ಟಿತು.

ಸರ್ ಕನ್ನಡಕ ಒರೆಸಿಕೊಂಡರು. “ನೀನು ಹತ್ತಯ್ಯಾ,” ಎಂದು ನನ್ನನ್ನೇ ಹಲಗೆ ಹತ್ತಿಸಿದರು. ಮೌನದಲ್ಲಿ ನಾನು ಎಳೆದ ರೀಡಿಂಗ್ ಇಲ್ಲಿ ಬರೆಯುವುದಿಲ್ಲ, ಹೆಣ್ಣು ಕೊಡುವವರೂ ಇದನ್ನು ಓದಬಹುದು. ಎರಡನೇ ಸಲ ಶಬಾನಾ ಸೇಡು ತೀರಿಸಿಕೊಂಡಳು. “ಸಾರ್, ಅದು ಮೈಕ್ ಅಲ್ಲ, ಬಾಯಲ್ಲಿ ಎಳೆಯಕ್ಕಾಗಲ್ಲ!” ನನ್ನ ಮುಳ್ಳೂ ಏರಿತು. ಅದೇ ಸಂಜೆ ಕುಣಿಗಲ್‌ಗೆ ಓಡಿದೆವು. ಮೇಡಂ ಕಿವಿ ಮುಚ್ಚಿಕೊಂಡರು, ಹುಡುಗಿಯರು ಕಿರುಚಿದರು, ಅಲ್ಲೂ ಏರಿತು.

“ಕೂಗಿ ಹುರಿದುಂಬಿಸಿದ್ರೆ ಬಲ ಏರುತ್ತೆ, ವರ್ಬಲ್ ಎನ್‌ಕರೇಜ್‌ಮೆಂಟ್ ಅಂತ ಪುಸ್ತಕದಲ್ಲೇ ಇದೆ ಕಣಯ್ಯಾ. ವರ್ಷಾ ವರ್ಷಾ ನಾನೇ ಪಾಠ ಮಾಡ್ತೀನಿ,” ಎಂದು ಸರ್ ಬಸ್ಸಿನಲ್ಲಿ ಗೊಣಗಿದರು. ಪ್ರಿನ್ಸಿಪಾಲರಿಗೆ ಹೋಗಬೇಕಿದ್ದ ದೂರು ಹೋಗಲಿಲ್ಲ. ಗುಬ್ಬಿಗೆ ಇನ್ನೊಮ್ಮೆ ಹೋಗಿ, ಟೈಲರ್ ಅಂಗಡಿಯ ಮುಂದೆ ನಿಂತು, ತಮ್ಮ ಅನುಮಾನ ತಪ್ಪಾಗಿತ್ತು ಎಂದು ಅಬ್ಬಾಗೆ ಸರ್ ತಾವಾಗಿಯೇ ಹೇಳಿದರು. ನಾನು ಅವರ ಕೆಮ್ಮು, ಕನ್ನಡಕ ಎಲ್ಲವನ್ನೂ ಅಣಕಿಸಿದ್ದೇನೆ. ಆ ನಿಲುವನ್ನು ಮಾತ್ರ ಅಣಕಿಸಲು ನನಗೆ ಇವತ್ತಿಗೂ ಬಂದಿಲ್ಲ.

ಡೋಪಿಂಗ್ ಬಗ್ಗೆ ಈಗಲೂ ಭಾಷಣ ಮಾಡುತ್ತೇನೆ, ಡಬ್ಬ ಮುಟ್ಟಬೇಡಿ ಎಂದೇ ಹೇಳುತ್ತೇನೆ. ಆದರೆ ಮುಳ್ಳು ಏರಿದ ಕೂಡಲೇ ಹುಡುಗರ ಬ್ಯಾಗಿಗೆ ಕೈ ಹಾಕುವುದಿಲ್ಲ. ಸುತ್ತ ಯಾರು ನಿಂತಿದ್ದಾರೆ, ಏನೆಂದು ಕೂಗುತ್ತಿದ್ದಾರೆ ಎಂದು ಮೊದಲು ನೋಡುತ್ತೇನೆ. ಸ್ನಾಯು ಒಬ್ಬರದೇ ಇರಬಹುದು, ಬಲಕ್ಕೆ ಪಾಲುದಾರರು ಬಹಳ.

ಅವತ್ತು ಅಂಗಡಿಯಲ್ಲಿ ಅಬ್ಬಾ ಸರ್ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೊಲಿಗೆ ಯಂತ್ರದಿಂದ ಒಂದು ಚಡ್ಡಿ ಬಿಡಿಸಿ ಮಗಳ ಕೈಗಿಟ್ಟರು. “ಸೆಲೆಕ್ಷನ್‌ಗೆ ಇದನ್ನೇ ಹಾಕ್ಕೊಂಡು ಹೋಗು. ಡಬಲ್ ಹೊಲಿಗೆ ಹಾಕಿದೀನಿ. ಎಷ್ಟು ಜನ ಹಿಡಿದು ಎಳೀತಾರೋ ನೋಡೇ ಬಿಡಾಣ.”