ನೆಲ ಗುಡುಗಿದ ಊರಿಗೆ

ಬೆಳಿಗ್ಗೆ ಮೈಸೂರು ಬಿಟ್ಟ ರೈಲು ಭದ್ರಾವತಿ ತಲುಪುವಾಗ ಊಟದ ಹೊತ್ತಾಗಿತ್ತು. ನನ್ನ ಟಿಕೆಟ್ಟು ಶಿವಮೊಗ್ಗದವರೆಗೆ ಇತ್ತು. ತರೀಕೆರೆ ದಾಟಿದಾಗಿನಿಂದ ಇಳಿಯಲೋ ಬೇಡವೋ ಎಂದು ಯೋಚಿಸುತ್ತಲೇ ಇದ್ದವಳು ಕೊನೆಗೆ ಬ್ಯಾಗು ಹೆಗಲಿಗೇರಿಸಿ ಭದ್ರಾವತಿಯಲ್ಲೇ ಇಳಿದುಬಿಟ್ಟೆ. ಸೋನೆ ಹಿಡಿದಿತ್ತು. ಸ್ಟೇಷನ್ನಿನ ಹೊರಗಿನ ಹೋಟೆಲಿನಲ್ಲಿ ಮೊಸರನ್ನ ತಿಂದೆ. ಮಾಲೀಕ ಅಡುಗೆಯವನ ಹತ್ತಿರ ತಮಿಳಿನಲ್ಲೂ ಗಿರಾಕಿಗಳ ಹತ್ತಿರ ಕನ್ನಡದಲ್ಲೂ ಮಾತಾಡುತ್ತಿದ್ದ. ಎಲ್ಲಿಗೆ ಹೊರಟಿರಿ ಎಂದು ಕೇಳಿದ. ಆಯನೂರಿನ ಕಡೆಗೆ ಎಂದೆ.

"ಆ ಕಡೆ ಭೂಮಿ ಬಾಯಿ ಬಿಡುತ್ತಂತೆ ಮೇಡಂ. ಹುಷಾರು."

"ಯಾರು ಹೇಳಿದ್ರು?"

"ನಮ್ಮೂರೋರೇ, ಸೈಂಟಿಸ್ಟು. ಮೊಬೈಲಲ್ಲಿ ಬಂದಿದೆಯಲ್ಲ!"

ಅವನು ಹೇಳಿದ ಸೈಂಟಿಸ್ಟನನ್ನು ನೋಡಲೆಂದೇ ನಾನು ಅಲ್ಲಿ ಇಳಿದಿದ್ದೆ.

ನಾನು ಕಾಲೇಜಿನಲ್ಲಿ ಭೂವಿಜ್ಞಾನ ಹೇಳಿಕೊಡುವವಳು. ನನ್ನ ಚಿಕ್ಕಮ್ಮನ ಮಗ ನಾಗರಾಜ, ಆಯನೂರಿನಿಂದ ಒಳಗೆ ಹೋದರೆ ಸಿಗುವ ಹಳ್ಳಿಯೊಂದರ ಶಾಲೆಯಲ್ಲಿ ಹೆಡ್‌ಮಾಸ್ಟರ್. ಆ ಹಳ್ಳಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈಗಾಗಲೇ ಅದು ಬೇಕಾದ್ದಕ್ಕಿಂತ ಹೆಚ್ಚು ಜನರ ಬಾಯಲ್ಲಿ ಓಡಾಡಿದೆ. ಈ ಸಲದ ದೊಡ್ಡ ಮಳೆಯ ನಂತರ ಅಲ್ಲಿ ನೆಲದೊಳಗಿಂದ ಸದ್ದು ಬರಲು ಶುರುವಾಗಿತ್ತು. ಪಾತ್ರೆ ಅಲುಗುವುದು, ಹೆಂಚು ಕಟಕಟ ಎನ್ನುವುದು, ಮತ್ತೆ ಸುಮ್ಮನಾಗುವುದು. ಭೂವಿಜ್ಞಾನ ಇಲಾಖೆಯವರು ಬಂದು ಕಂಪನ ಅಳೆಯುವ ಯಂತ್ರ ಇಟ್ಟಿದ್ದರು. ದಾಖಲಾದದ್ದೆಲ್ಲ ಬಹಳ ಸಣ್ಣ ಕಂಪನಗಳು ಎಂದು ಅವರೇ ಪ್ರಕಟಿಸಿದ್ದನ್ನು ನಾನೂ ಓದಿದ್ದೆ. ಜನರೂ ಒಂದಿಷ್ಟು ಸಮಾಧಾನಕ್ಕೆ ಬಂದಿದ್ದರಂತೆ. ಅಷ್ಟರಲ್ಲಿ ಆ ವಿಡಿಯೋ ಬಂತು. ಅದರಲ್ಲಿ ಮಾತಾಡಿದ್ದು ಶೇಖರ, ಎಂ.ಎಸ್ಸಿಯಲ್ಲಿ ನನ್ನ ಜೊತೆ ಓದಿದವನು, ಈಗ ಭದ್ರಾವತಿಯಲ್ಲಿ ಬೋರ್‌ವೆಲ್ ಎಲ್ಲಿ ಕೊರೆಸಬೇಕೆಂದು ಪಾಯಿಂಟ್ ನೋಡಿಕೊಡುವವನು. 'ದೊಡ್ಡದೂ ಆಗಬಹುದು, ಎಚ್ಚರ' ಎಂಬ ಅವನ ಮಾತಿನ ಮೇಲೆ ಚಾನೆಲ್ಲಿನವರು 'ಶಿವಮೊಗ್ಗಕ್ಕೆ ಕಾದಿದೆ ಮಹಾಕಂಪನ' ಎಂದು ಕೆಂಪು ಅಕ್ಷರ ಹಾಕಿದ್ದರು. ಮರುದಿನದಿಂದಲೇ ಊರಿಗೆ ಊರೇ ಟಾರ್ಪಾಲಿನ ಕೆಳಗೆ ಮಲಗಲು ಶುರು ಮಾಡಿತು ಎಂದು ನಾಗರಾಜ ಫೋನ್ ಮಾಡಿ ಹೇಳಿದ್ದ. "ಅಕ್ಕ, ಒಂದ್ಸಲ ಬಂದು ಹೋಗು. ನಮ್ಮ ಮಾತು ಯಾರೂ ಕೇಳ್ತಿಲ್ಲ."

ಆಟೋದವನಿಗೆ ಶೇಖರನ ಆಫೀಸು ಚೆನ್ನಾಗಿ ಗೊತ್ತಿತ್ತು. ಹೊಳೆಯ ಸೇತುವೆ ದಾಟಿ, ಮೋಟಾರ್ ರಿವೈಂಡಿಂಗ್ ಅಂಗಡಿಯ ಪಕ್ಕದ ಮೆಟ್ಟಿಲ ಬಳಿ ಇಳಿಸಿದ. ಶೇಖರ ತಲೆಯೆತ್ತಿ ನೋಡಿದವನು ಖುಷಿಯಿಂದ ಎದ್ದುಬಂದ. ಕೂದಲು ಅರ್ಧ ಉದುರಿತ್ತು, ನಗು ಮಾತ್ರ ಹಾಗೇ ಇತ್ತು.

"ಏನ್ ಮಾರಾಯ್ತಿ, ಒಂದು ಫೋನೂ ಇಲ್ದೆ ಬಂದುಬಿಟ್ಯಲ್ಲ!"

ಟೀ ತರಿಸಿದ. ವಿಷಯ ಎತ್ತುತ್ತಿದ್ದಂತೆ ಅವನ ನಗು ಮಾಯವಾಯಿತು.

"ನಾನು ಆಗಬಹುದು ಅಂದೆ. ಆಗುತ್ತೆ ಅಂದಿಲ್ಲ. ಹತ್ತು ನಿಮಿಷ ಮಾತಾಡಿದ್ದೀನಿ. ಸಂಭವ ಕಡಿಮೆ ಅಂತಲೂ ಹೇಳಿದ್ದೀನಿ. ಅವರು ಅದನ್ನ ಕತ್ತರಿಸಿ ಹಾಕಿದ್ರೆ ನಾನೇನು ಮಾಡ್ಲಿ?"

"ಹಾಗಂತ ಅವರಿಗೆ ಹೇಳಿದ್ಯಾ?"

ಅವನು ಟೀ ಲೋಟವನ್ನು ಪಕ್ಕಕ್ಕೆ ಸರಿಸಿದ.

"ಆಗಬಹುದಕ್ಕೂ ಆಗುತ್ತದೆಗೂ ಇರೋ ವ್ಯತ್ಯಾಸ ನಿನಗೂ ನನಗೂ ಗೊತ್ತು ಶೇಖರ. ಮನೆ ಬಿಟ್ಟು ಹೊರಗೆ ಮಲಗಿರೋರಿಗೆ ಅದು ಹೇಗೆ ಗೊತ್ತಾಗ್ಬೇಕು? ನಾಳೆ ಆ ಊರಿಗೆ ಹೋಗ್ತಿದ್ದೀನಿ. ನೀನೂ ಬಾ. ಪೂರ್ತಿ ಮಾತು ನೀನೇ ಹೇಳು."

"ಈಗ ಹೋಗಿ ಮಾತು ಬದಲಾಯಿಸಿದ್ರೆ ನಾಳೆ ಪಾಯಿಂಟ್ ಹಾಕಿಸೋಕೆ ನನ್ನ ಹತ್ರ ಯಾರು ಬರ್ತಾರೆ? ಬಿಡು. ನಾಲ್ಕು ದಿನ ಹೋದ್ರೆ ಎಲ್ಲ ಮರೀತಾರೆ."

ಜಗಳವಾಡಲು ಮನಸ್ಸಾಗಲಿಲ್ಲ. ಊರಿನ ದಾರಿ ಹೇಳಿ ಎದ್ದೆ. ಅವನು ಕೆಳಗಿನವರೆಗೂ ಬಂದು ಆಟೋ ನಿಲ್ಲಿಸಿಕೊಟ್ಟ. ಬರುತ್ತೇನೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

ಸರ್ಕಾರಿ ಬಸ್ಸಿನಲ್ಲಿ ಆಧಾರ್ ತೋರಿಸಿ, ಹೆಂಗಸರಿಗೆ ಕೊಡುವ ದುಡ್ಡಿಲ್ಲದ ಟಿಕೆಟ್ಟು ಹಿಡಿದು ಶಿವಮೊಗ್ಗ ಸೇರಿದೆ. ನಾಗರಾಜನ ಮನೆ ಹೊಸಮನೆಯಲ್ಲಿ. ಅವನ ಹೆಂಡತಿ ಅಕ್ಕಿರೊಟ್ಟಿ ತಟ್ಟುತ್ತ, "ಈ ಬಡಾವಣೆಯಲ್ಲೂ ಕೆಲವರು ಅಟ್ಟದ ಮೇಲಿನ ಸಾಮಾನೆಲ್ಲ ಕೆಳಗಿಳಿಸಿದ್ದಾರೆ ಅಕ್ಕ" ಎಂದಳು. ಅದು ಒಳ್ಳೆಯದೇ, ಇಳಿಸಿದ್ದು ಇಳಿಸಿದಂತೆಯೇ ಇರಲಿ ಎಂದೆ. ಅವಳಿಗೆ ಆ ಉತ್ತರದಿಂದ ಧೈರ್ಯ ಬಂತೋ ಭಯವಾಯಿತೋ ತಿಳಿಯಲಿಲ್ಲ. ನಮ್ಮ ವಿದ್ಯೆಯ ಕಷ್ಟವೇ ಇದು. ನಿಜ ಹೇಳಿದರೆ ಅರ್ಧ ಹೇಳಿದಂತೆ ಕೇಳಿಸುತ್ತದೆ.

ಮರುದಿನ ಬೆಳಿಗ್ಗೆ ನಾಗರಾಜನ ಬೈಕಿನ ಹಿಂದೆ ಕೂತು ಹೊರಟೆ. ಸಾಗರ ರಸ್ತೆಯಲ್ಲಿ ಹದಿನೆಂಟು ಕಿಲೋಮೀಟರು ಹೋದರೆ ಆಯನೂರು. ಮಳೆ ಬಿಟ್ಟಿತ್ತು. ಅಲ್ಲಿಂದ ಒಳದಾರಿಗೆ ತಿರುಗಿದರೆ ಎರಡೂ ಕಡೆ ಮೆಕ್ಕೆಜೋಳ, ನಡುನಡುವೆ ಶುಂಠಿ. ದೂರದ ಗುಡ್ಡದ ಒಂದು ಪಕ್ಕವನ್ನು ಕಲ್ಲು ಕ್ವಾರಿ ತಿಂದು ಬೋಳು ಮಾಡಿತ್ತು.

ಊರು ಹೊಕ್ಕಾಗ ಮೊದಲು ಕಂಡದ್ದು ಶಾಲೆಯ ಮೈದಾನದ ತುಂಬ ನೀಲಿ ಟಾರ್ಪಾಲು. ಒಂದರ ಕೆಳಗೆ ಮಂಚ ಹಾಕಿ ಬಾಣಂತಿಯೊಬ್ಬಳನ್ನು ಕೂರಿಸಿದ್ದರು. ಹೆಸರು ಲಲಿತಾ, ಚೊಚ್ಚಲ ಹೆರಿಗೆ. ಅವಳ ಅತ್ತೆ ಪಾರ್ವತಮ್ಮ ಕೆಂಡದ ಬಾಣಲೆಯನ್ನು ಮಂಚದ ಹತ್ತಿರ ಸರಿಸುತ್ತಿದ್ದರು. ಮಗುವಿನ ಮೂಗು ಕಟ್ಟಿ ಉಸಿರು ಗೊರಗೊರ ಎನ್ನುತ್ತಿತ್ತು. ಹಿಂದಿನ ದಿನ ಕುಂಸಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದ್ದರಂತೆ. ಥಂಡಿ ತಾಗಿಸಬೇಡಿ, ಮನೆಯೊಳಗೆ ಬೆಚ್ಚಗೆ ಇಡಿ ಎಂದು ಅವರು ಹೇಳಿ ಕಳಿಸಿದ್ದರು.

"ಡಾಕ್ಟ್ರು ಒಳಗಿಡಿ ಅಂತಾರೆ. ಮೊಬೈಲಿನಲ್ಲಿ ಹೊರಗಿರಿ ಅಂತಾರೆ" ಎಂದರು ಪಾರ್ವತಮ್ಮ. "ನೀವು ಓದಿದೋರು ತಾಯಿ. ಮಗೂನ ಒಳಗೆ ಮಲಗಿಸ್ಲೋ ಬೇಡ್ವೋ, ಅಷ್ಟು ಹೇಳಿ ಸಾಕು."

ಮನೆ ನೋಡಿ ಹೇಳುತ್ತೇನೆ ಎಂದೆ. ಸಂಜೆ ಎಲ್ಲರನ್ನೂ ಶಾಲೆಯಲ್ಲಿ ಸೇರಿಸುವುದೆಂದು ನಾಗರಾಜ ಮೊದಲೇ ಹೇಳಿದ್ದ. ಮಧ್ಯಾಹ್ನ ಅವನ ಕೋಣೆಯಲ್ಲಿ ಬಿಸಿಯೂಟದ ಅನ್ನ ಸಾರು ಉಣ್ಣುತ್ತಿದ್ದಾಗ ಅದು ಬಂತು. ಮೊದಲು ಪಾದಕ್ಕೆ ತಿಳಿಯಿತು, ಆಮೇಲೆ ಕಿವಿಗೆ. ಯಾರೋ ನೆಲಮಾಳಿಗೆಯಲ್ಲಿ ದೊಡ್ಡ ಪೀಪಾಯಿ ಉರುಳಿಸಿದಂತೆ. ಬೀರುವಿನ ಗಾಜು ಝಲ್ಲೆಂದಿತು. ಇಷ್ಟು ವರ್ಷ ಕಂಪನದ ಪಾಠ ಮಾಡಿದ ನಾನು ಎಂಜಲು ಕೈಯಲ್ಲಿ ಎಲ್ಲರಿಗಿಂತ ಮೊದಲು ಅಂಗಳದಲ್ಲಿದ್ದೆ! ಮೈದಾನದಲ್ಲಿ ಹೆಂಗಸರು ಕೂಗುತ್ತಿದ್ದರು. ಲಲಿತಾ ಮಗುವನ್ನು ಎದೆಗವಚಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ಸ್ವಲ್ಪ ಹೊತ್ತಿನ ನಂತರ ಎಲ್ಲ ಮೊದಲಿನಂತಾಯಿತು.

ಸಂಜೆ ಶಾಲೆಯ ಜಗಲಿ ತುಂಬಿತು. ನನಗೆ ಗೊತ್ತಿದ್ದುದನ್ನು ಗೊತ್ತಿದ್ದಂತೆ ಹೇಳಿದೆ. ಇದು ತುಂಬ ಹಳೆಯ, ಗಟ್ಟಿ ಬಂಡೆಯ ನೆಲ. ದೊಡ್ಡ ಮಳೆಯ ನೀರು ಬಂಡೆಯ ಬಿರುಕುಗಳಿಗೆ ಇಳಿದಾಗ ಒಳಗೆ ಕಲ್ಲು ಕೂದಲೆಳೆಯಷ್ಟು ಜರುಗುತ್ತದೆ. ಹೆಚ್ಚು ಆಳದಲ್ಲಲ್ಲ, ಮೇಲುಮೇಲೆಯೇ ಆಗುವುದರಿಂದ ಸದ್ದು ಕೇಳಿಸುತ್ತದೆ. ಇಂಥದ್ದು ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಬಂದು ತಾನಾಗಿ ನಿಲ್ಲುವುದೇ ಹೆಚ್ಚು.

ಬೆಳಿಗ್ಗೆಯೇ ಸಿಕ್ಕು ಹೊಲದ, ಹಳ್ಳದ ಕಷ್ಟ ಹೇಳಿಕೊಂಡಿದ್ದ ರುದ್ರಪ್ಪ ಮುಂದಿನ ಸಾಲಿನಿಂದ ಎದ್ದು ನಿಂತರು. ಅವರ ಹೊಲ ಕ್ವಾರಿಗೆ ಅಂಟಿಕೊಂಡೇ ಇದೆ. "ಕ್ವಾರಿ ಸಿಡಿಸಿ ಸಿಡಿಸಿಯೇ ಹೀಗಾಗಿದೆ ಅಂತ ಬರೆದುಕೊಡಿ ಮೇಡಂ. ನಿಮ್ಮ ಸಹಿ ಇದ್ರೆ ನಾಳೆನೇ ಅದನ್ನ ಮುಚ್ಚಿಸ್ತೀವಿ."

ಆ ಗುಡ್ಡವನ್ನು ನೋಡಿದ ಕ್ಷಣದಿಂದ ನನಗೂ ಅದು ಮುಚ್ಚಲಿ ಎನ್ನಿಸಿತ್ತು. ಒಂದು ಸಹಿ ಹಾಕಿದ್ದರೆ ಇಡೀ ಸಭೆ ನನ್ನ ಕಡೆ ಆಗುತ್ತಿತ್ತು. ಆದರೆ ಮಳೆಗಾಲದಲ್ಲಿ ಕ್ವಾರಿ ನಿಂತಿದ್ದಾಗಲೂ ಸದ್ದು ಬಂದಿದೆ ಎಂದು ಬೆಳಿಗ್ಗೆ ಅವರೇ ಹೇಳಿದ್ದರು.

"ಕ್ವಾರಿಯಿಂದ ನಿಮ್ಮ ಹೊಲಕ್ಕೆ ದೂಳು ಬೀಳ್ತಿದೆ, ಹಳ್ಳದಲ್ಲಿ ಕಲ್ಲುಪುಡಿ ತುಂಬಿದೆ. ಅದು ನಿಜ. ನಾಳೆ ಹೋಗಿ ನೋಡಿ, ಅದನ್ನ ಬರೆದುಕೊಡ್ತೀನಿ. ಆದ್ರೆ ಈ ಸದ್ದು ಅದರಿಂದ ಬಂತು ಅಂತ ಬರೆಯೋಕಾಗಲ್ಲ ರುದ್ರಪ್ಪನವರೇ. ಸುಳ್ಳು ಬರೆದ್ರೆ ನಾಳೆ ನನ್ನ ನಿಜವನ್ನೂ ಯಾರೂ ನಂಬಲ್ಲ."

"ಹಾಗಾದ್ರೆ ಬಂದಿದ್ದಾದ್ರೂ ಯಾಕೆ?" ಎಂದು ಅವರು ಟವೆಲ್ಲು ಕೊಡವಿ ಹೊರಟೇಬಿಟ್ಟರು. ಹಿಂದೆ ಮೂರ್ನಾಲ್ಕು ಜನ ಎದ್ದರು. ಯಾರೋ ಕೂಗಿದರು, "ದೊಡ್ಡದು ಬರಲ್ಲ ಅಂತ ಗ್ಯಾರಂಟಿ ಕೊಡ್ತೀರಾ?"

ಕೊಡಲಾಗುವುದಿಲ್ಲ ಎಂದೆ. "ಸಂಭವ ಬಹಳ ಕಡಿಮೆ. ಇಲ್ಲವೇ ಇಲ್ಲ ಅಂತ ಯಾರಾದ್ರೂ ಹೇಳಿದ್ರೆ ಅದೂ ಸುಳ್ಳು. ಮಧ್ಯಾಹ್ನ ನಾನೂ ಹೆದರಿ ಓಡಿದೆ, ನೋಡಿದ್ದೀರಿ."

ಜಗಲಿಯಲ್ಲಿ ಗುಜುಗುಜು ಎದ್ದಿತು. ಸಭೆ ಕೈತಪ್ಪುತ್ತಿದೆ ಎಂದು ನನಗೇ ಅನ್ನಿಸಿತು. ಅದೇ ಹೊತ್ತಿಗೆ ಗೇಟಿನ ಹತ್ತಿರ ಕಾರೊಂದು ನಿಂತಿತು. ಶೇಖರ ಇಳಿದು, ಚಪ್ಪಲಿ ಬಿಟ್ಟು, ಜಗಲಿ ಹತ್ತಿದ. ನನ್ನ ಕಡೆ ನೋಡದೆ ಜನರ ಕಡೆ ತಿರುಗಿ ನಿಂತ.

"ಆ ವಿಡಿಯೋದಲ್ಲಿ ಮಾತಾಡಿದೋನು ನಾನೇ" ಎಂದ.

ಪಾರ್ವತಮ್ಮ ಕೂತಲ್ಲಿಂದ ಕತ್ತೆತ್ತಿದರು. "ನೀನೇನಪ್ಪಾ ನಮ್ಮನ್ನ ಹೆದರಿಸಿದ್ದು?"

"ಹೂಂ ಅಮ್ಮ. ನಾನು ಹೇಳಿದ್ರಲ್ಲಿ ಅರ್ಧ ಹಾಕಿದ್ರು. ಇನ್ನರ್ಧ ಹಾಕಿ ಅಂತ ನಾನು ಜಗಳ ಮಾಡಬೇಕಿತ್ತು, ಮಾಡ್ಲಿಲ್ಲ. ಟಿವಿಯವರ ಥರ ಮೈಕು ಹಿಡಿದು ಕೇಳಿದ್ರು, ನನಗೂ ಹಿತವಾಯ್ತು. ಇವತ್ತು ಬೆಳಿಗ್ಗೆ ಅವರಿಗೆ ಫೋನ್ ಮಾಡ್ದೆ. ವಿಡಿಯೋ ತೆಗೆದಿದ್ದಾರೆ. ಇವರು ಈಗ ಹೇಳಿದ್ರಲ್ಲ, ನನ್ನ ಮಾತೂ ಅದೇ. ಒಂದಕ್ಷರ ಬೇರೆ ಇಲ್ಲ."

"ಹೇಳಿ ಕೂತ್ರೆ ಮುಗೀತಾ?" ಎಂದರು ಪಾರ್ವತಮ್ಮ. "ಬಾ. ಮನೆ ನೋಡು."

ಸಭೆ ಅಲ್ಲಿಗೇ ಎದ್ದಿತು. ಟಾರ್ಚು ಹಿಡಿದು ನಾವಿಬ್ಬರೂ ಮನೆಮನೆ ಸುತ್ತಿದೆವು. ಹೆಚ್ಚಿನವು ಪಿಲ್ಲರ್ ಎಬ್ಬಿಸಿ ಕಟ್ಟಿದ ಹೊಸ ಮನೆಗಳು. ಕೆಲವು ಮಣ್ಣಿಟ್ಟಿಗೆಯವು. ವಾಲಿದ ಗೋಡೆಯ ಪಕ್ಕ ಮಲಗಬೇಡಿ, ತಲೆಯ ಮೇಲೆ ಭಾರದ ಸಾಮಾನು ಬೇಡ, ಬಾಗಿಲಿಗೆ ಅಡ್ಡ ಏನೂ ಇಡಬೇಡಿ ಎಂದು ಹೇಳುತ್ತ ಹೋದೆವು. ಎರಡು ಮನೆಯವರಿಗೆ ಮಾತ್ರ, ಗೋಡೆ ಸರಿಪಡಿಸುವ ತನಕ ಒಳಗೆ ಮಲಗಲೇಬೇಡಿ ಎಂದೆವು. ಅವರಿಗೆ ನಾಗರಾಜ ಶಾಲೆಯ ಹೊಸ ಕೋಣೆ ಬಿಡಿಸಿಕೊಟ್ಟ. ಪಾರ್ವತಮ್ಮನ ಮನೆಯ ಹಿಂದಿನ ಕೋಣೆಯ ಗೋಡೆ ಹೊಟ್ಟೆ ಬಿಟ್ಟುಕೊಂಡಿತ್ತು. ಬಾಣಂತಿಗೆ ಅಣಿ ಮಾಡಿದ್ದ ಕೋಣೆ ಅದೇ! ಶೇಖರ ಗೋಡೆಗೆ ಕೈಯಿಟ್ಟು ನೋಡಿ, "ಇಲ್ಲಿ ಬೇಡ ಅಮ್ಮ" ಎಂದ. ಮುಂದಿನ ಕೋಣೆಯನ್ನು ಈಚೆಗೆ ಕಟ್ಟಿಸಿದ್ದರು, ಭದ್ರವಾಗಿತ್ತು. ಅವನೇ ಮಂಚದ ಒಂದು ತುದಿ ಹಿಡಿದು ಅಲ್ಲಿಗೆ ಸಾಗಿಸಿದ.

ಲಲಿತಾ ಹೊಸಿಲ ಹೊರಗೇ ನಿಂತಿದ್ದಳು. "ಮೇಡಂ, ನೀವು ಇವತ್ತು ಇಲ್ಲೇ ಇರ್ತೀರಾ?"

"ಇರ್ತೀನಿ. ಆದ್ರೆ ನಾನು ಮಲಗಿದೆ ಅಂತ ನೆಲ ಸುಮ್ಮನಿರುತ್ತೆ ಅಂದ್ಕೋಬೇಡ."

"ಗೊತ್ತು. ಆದ್ರೂ ಇರಿ."

ಅವಳು ಬಲಗಾಲಿಟ್ಟು ಒಳಗೆ ಬಂದಳು. ಅವಳ ಮಂಚದ ಪಕ್ಕದ ಚಾಪೆಯಲ್ಲಿ ನಾನು ಮಲಗಿದೆ. ಪಡಸಾಲೆಯಲ್ಲಿ ಶೇಖರನ ಗೊರಕೆ. ನಾನಂತೂ ಬೆಳಗಿನ ತನಕ ಒಂದೇ ನಿದ್ದೆ.

ಎದ್ದು ಹೊರಗೆ ಬಂದರೆ ಬಿಸಿಲು ಬಿದ್ದಿತ್ತು. ಅರ್ಧಕ್ಕರ್ಧ ಟಾರ್ಪಾಲುಗಳು ಬೇಲಿಯ ಮೇಲೆ ಒಣಗುತ್ತಿದ್ದವು. ಮಗುವಿನ ಉಸಿರು ಸ್ವಲ್ಪ ಹಗುರಾಗಿತ್ತು. ಪಾರ್ವತಮ್ಮ ಕಡುಬು ಚಟ್ನಿ ಕೊಟ್ಟರು. ಶೇಖರನಿಗೆ ಒಂದು ಹೆಚ್ಚೇ ಹಾಕಿದರು. ಆಮೇಲೆ ನಾವು ರುದ್ರಪ್ಪನವರ ಮನೆಗೆ ಹೋಗಿ ಕರೆದೆವು. ಮುಖ ಬಿಗಿದುಕೊಂಡೇ ಬಂದರು. ಹಳ್ಳದ ಉದ್ದಕ್ಕೂ ನಡೆದು, ಕಲ್ಲುಪುಡಿ ಎಲ್ಲೆಲ್ಲಿ ತುಂಬಿದೆ, ನೀರು ಎಲ್ಲಿ ದಾರಿ ಬದಲಿಸಿದೆ ಎಂದು ಫೋಟೋ ಹಿಡಿದೆವು. ಆ ವರದಿಗೆ ನಾವಿಬ್ಬರೂ ಸಹಿ ಹಾಕುತ್ತೇವೆ ಎಂದಾಗ ರುದ್ರಪ್ಪ, "ಇದಾದ್ರೂ ಅಧಿಕಾರಿಗಳ ಮುಂದೆ ನಿಲ್ಲುತ್ತಾ?" ಎಂದು ಕೇಳಿದರು. ನಿಜವಾದ್ದರಿಂದ ನಿಲ್ಲುತ್ತೆ ಎಂದ ಶೇಖರ.

ಸಂಜೆ ಅವನೇ ಶಿವಮೊಗ್ಗದ ಸ್ಟೇಷನ್ನಿಗೆ ಬಿಟ್ಟ. "ಇವತ್ತು ಬೆಳಿಗ್ಗೆಯೇ ಇಬ್ರು ಪಾಯಿಂಟ್ ಬೇಡ ಅಂತ ಫೋನ್ ಮಾಡಿದ್ರು" ಎಂದ ದಾರಿಯಲ್ಲಿ. ಬೇಜಾರಾಯಿತಾ ಎಂದು ಕೇಳಿದೆ. "ಆಯ್ತು. ಆದ್ರೂ ನಿನ್ನೆ ರಾತ್ರಿ ಚೆನ್ನಾಗಿ ನಿದ್ದೆ ಬಂತು ಮಾರಾಯ್ತಿ."

ರೈಲು ಬೀರೂರು ಬಿಟ್ಟಾಗ ಕತ್ತಲಾಗಿತ್ತು. ನಾಗರಾಜನ ಫೋನು ಬಂತು. ಶಾಲೆಯ ಕೆಲಸ ಮುಗಿಸಿ, ಪಾರ್ವತಮ್ಮನ ಬಲವಂತಕ್ಕೆ ಊಟಕ್ಕೆ ನಿಂತಿದ್ದನಂತೆ.

"ಅಕ್ಕ, ಈಗ ತಾನೇ ಮತ್ತೆ ಬಂತು."

ನಾನು ಎದ್ದು ಕೂತೆ. "ಜೋರಾ? ಯಾರಿಗಾದ್ರೂ ಏನಾದ್ರೂ...?"

"ಇಲ್ಲ, ನಿನ್ನೆ ಬಂದಷ್ಟೇ. ಹುಳಿ ಬಡಿಸ್ತಿದ್ರು, ಸೌಟು ಅಲ್ಲೇ ನಿಂತುಬಿಡ್ತು. ಎಲ್ಲರೂ ಗೋಡೆ ನೋಡಿದ್ವಿ. ಲಲಿತಾ ಬಾಗಿಲ ತನಕ ಹೋಗಿ ಬಂದಳು."

"ಆಮೇಲೆ?"

"ಆಮೇಲೆ ಏನು, ಹುಳಿ ಬಡಿಸಿದ್ರು."