ಅಂದಾನೆಪ್ಪನ ಅರ್ಧ ಇಂಗ್ಲೀಷು

ಜಕ್ಕಲಿಯ ಅಂದಾನೆಪ್ಪನಿಗೆ ಇಂಗ್ಲೀಷು ಬರುತ್ತದೆ ಎಂಬುದರಲ್ಲಿ ರೋಣದಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅವನಿಗಂತೂ ಇರಲೇ ಇಲ್ಲ. ಮಾಮಲೇದಾರ ಕಚೇರಿಯ ಎದುರಿನ ಬೇವಿನ ಗಿಡದ ಬುಡಕ್ಕೆ ಗೋಣಿತಟ್ಟು ಹಾಸಿಕೊಂಡು, ಇಳಿಜಾರು ಮುಚ್ಚಳದ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು, ಮಸಿಯ ದೌತಿಯಲ್ಲಿ ಟಾಕು ಅದ್ದಿ ಅದ್ದಿ ಹದಿನೈದು ವರ್ಷ ಅವನು ಮಂದಿಯ ಅರ್ಜಿ ಬರೆದಿದ್ದ. ಎಲ್ಲವೂ ಕನ್ನಡದಲ್ಲಿ. ಅಕ್ಷರ ಜೋಳದ ಕಾಳು ಪೋಣಿಸಿದಂತೆ ಇರುತ್ತಿತ್ತು. ಕೋಟು, ರುಮಾಲು, ಕಿವಿಯ ಮೇಲೊಂದು ಪೆನ್ಸಿಲು. ಆ ಪೆನ್ಸಿಲಿನಿಂದ ಅವನು ಒಂದು ಗೆರೆ ಎಳೆದದ್ದನ್ನೂ ಯಾರೂ ಕಂಡಿರಲಿಲ್ಲ.

ನಾವೆಲ್ಲ ಆಗ ಮುಂಬೈ ಸರ್ಕಾರದ ಕೈಕೆಳಗಿನವರು. ಐವತ್ತಮೂರನೇ ಇಸವಿಯ ಸುಮಾರಿಗೆ ಮಾಮಲೇದಾರರ ಮೇಲಿನ ಪ್ರಾಂತ ಸಾಹೇಬರಾಗಿ ಗುಜರಾತದ ಕಡೆಯವರೊಬ್ಬರು ಬಂದರು. ಒಳ್ಳೆಯವರು, ಆದರೆ ಕನ್ನಡ ಬಾರದು. ಇಂಗ್ಲೀಷಿನಲ್ಲಿ ಬರೆದ ಅರ್ಜಿಯನ್ನು ಅವರು ತಾವೇ ಒಡೆದು ಓದುತ್ತಾರಂತೆ ಎಂಬ ಸುದ್ದಿ ಸಂತೆಯಿಂದ ಸಂತೆಗೆ ಹಬ್ಬಿತು. ಒಂದು ಸೋಮವಾರ ಮಂದಿ ಬೇವಿನ ಗಿಡದ ಕೆಳಗೆ ಬಂದು, "ನಿಮಗ ಇಂಗ್ಲೀಷ್ ಬರತೈತೇನ್ರಿ?" ಎಂದು ಕೇಳಿದರು. ಅಂದಾನೆಪ್ಪ ರುಮಾಲು ಸರಿಮಾಡಿಕೊಂಡು, "ಬರದ ಏನ್ ಮಾಡತೈತಿ," ಎಂದುಬಿಟ್ಟ.

ಪೂರ್ತಿ ಸುಳ್ಳಲ್ಲ ಅದು. ಹುಡುಗನಿದ್ದಾಗ ಗಜೇಂದ್ರಗಡದ ಸೋದರಮಾವನ ಮನೆಯಲ್ಲಿದ್ದು ಎರಡು ವರ್ಷ ಇಂಗ್ಲೀಷ್ ಸಾಲಿಗೆ ಹೋಗಿದ್ದ. ಅಲ್ಲಿಯ ಮಾಸ್ತರರು ಒಂದು ದಿನ ಹಲಗೆಯ ಮೇಲೆ ದೊಡ್ಡದಾಗಿ ಬರೆದು, "ಕನ್ನಡದಾಗ ಕ್ರಿಯಾಪದ ಕಟ್ಟಕಡೀಕ ಬರತೈತಿ. ಇಂಗ್ಲೀಷಿನ್ಯಾಗ ಅದನ್ನ ಎತ್ತಿ ಎರಡನೇ ಜಾಗಾದಾಗ ಕೂಡಸಬೇಕು," ಎಂದು ಹೇಳಿಕೊಟ್ಟರು. ಅಂದಾನೆಪ್ಪ ಅದನ್ನು ಚೆನ್ನಾಗಿ ಗಟ್ಟಿ ಮಾಡಿದ. ಮೊದಲನೆಯ ಜಾಗದಲ್ಲಿ ಯಾರು ಕೂಡಬೇಕು ಎಂಬುದನ್ನು ಮಾಸ್ತರರು ಮರುದಿನ ಹೇಳಿಕೊಟ್ಟರು. ಆ ದಿನ ಅಂದಾನೆಪ್ಪ ನರಗುಂದದಲ್ಲಿ ಅತ್ತೆಯ ಮಗನ ಮದುವೆಯ ಪಂಕ್ತಿಯಲ್ಲಿ ಕೂತು ಮಾದಲಿ ಉಣ್ಣುತ್ತಿದ್ದ.

ಈ ಅರ್ಧ ಕಾಯ್ದೆಯ ಮೇಲೆಯೇ ಅವನು ಎಂಟು ತಿಂಗಳು ಇಂಗ್ಲೀಷ್ ಅರ್ಜಿ ಬರೆದ. ಹರಕು ಡಿಕ್ಷನರಿಯೊಂದಿತ್ತು. ಅರ್ಜಿದಾರ ಹೇಳಿದ ಮಾತನ್ನು ಹೇಳಿದ ಕ್ರಮದಲ್ಲೇ ಒಂದೊಂದಾಗಿ ಇಂಗ್ಲೀಷಿಗೆ ಇಳಿಸುವುದು, ಆಮೇಲೆ ಕಡೆಯ ಕ್ರಿಯಾಪದವನ್ನು ಎತ್ತಿ ಎರಡನೆಯ ಜಾಗಕ್ಕೆ ತರುವುದು, ಅಷ್ಟೇ. ಕೆಲವು ಸಲ ಅದು ಸರಿಯಾಗಿಯೂ ಬೀಳುತ್ತಿತ್ತು.

ಹೀಗಿರಲು ಒಂದು ದಿನ ಅಸೂಟಿಯಿಂದ ಅಡಿವೆವ್ವ ಬಂದಳು. ಎಪ್ಪತ್ತು ದಾಟಿದ ಮುದುಕಿ, ಮೂರು ಮೊಳ ಎತ್ತರ, ಮೊಣಕಾಲಿಗೆ ಅರಿಸಿನದ ಬಟ್ಟೆ ಸುತ್ತಿದ್ದಳು.

"ಏನಾತು ಆಯಿ?" ಎಂದ ಅಂದಾನೆಪ್ಪ.

"ಏನ್ ಹೇಳ್ಲೆಪ್ಪಾ. ಊರಾಗ ದೇವರ ಹೆಸರಿಲೆ ಬಿಟ್ಟ ಹೋರಿ ಐತಿ. ನನ್ನನ್ನ ಹೋರಿ ಎತ್ತಿ ತಿಪ್ಪಿಗೆ ಒಗೀತು. ಹಿರ್ಯಾರಿಗೆ ಹೇಳಿದ್ರ, ದೇವರ ಹೋರಿ, ಅದನ್ನ ಹ್ಯಾಂಗ ಕಟ್ಟೂದು ಅಂತಾರ. ಬಚ್ಚಲಕ ಹೋಗಾಕೂ ಅಂಜಿಕಿ ಆಗೈತಿ. ನೀ ಸಾಹೇಬಗ ಬರಿ."

ಅಂದಾನೆಪ್ಪ ಟಾಕು ಅದ್ದಿದ. ಅರ್ಜಿಯ ಮೊದಲ ಶಬ್ದ 'ಐ', ಅಂದರೆ ನಾನು. ಅದು ಬಿಟ್ಟು ಬೇರೆ ಶಬ್ದದಿಂದ ಅರ್ಜಿ ಸುರುವಾದದ್ದನ್ನು ಅವನು ಕಂಡಿರಲಿಲ್ಲ. ಮುದುಕಿ ಹೇಳಿದ್ದೂ ಹಾಗೆಯೇ ಇತ್ತು: ಮೊದಲು ತಾನು, ಆಮೇಲೆ ಹೋರಿ, ಕಡೆಗೆ ಒಗೆದದ್ದು. ಒಗೆದದ್ದನ್ನು ಎತ್ತಿ ನಡುವೆ ಕೂಡಿಸಿದ. 'ಐ ಥ್ರೂ ಬುಲ್ ಆನ್ ತಿಪ್ಪಿ.' ತಿಪ್ಪಿಗೆ ಇಂಗ್ಲೀಷ್ ಶಬ್ದ ಡಿಕ್ಷನರಿಯ ಹರಿದ ಹಾಳೆಯಲ್ಲಿ ಹೋಗಿತ್ತು. ನಾನು ಹೋರಿಯನ್ನು ಎತ್ತಿ ತಿಪ್ಪೆಗೆ ಒಗೆದೆ ಎಂದು ಕಾಗದದ ಮೇಲೆ ಬಂದಿತ್ತು. ಅಂದಾನೆಪ್ಪ ಆ ಇಂಗ್ಲೀಷನ್ನೇ ಗಟ್ಟಿಯಾಗಿ ಓದಿ ತೋರಿಸಿದ. ಅಡಿವೆವ್ವ ಕಣ್ಣು ಒರೆಸಿಕೊಂಡು, "ಭಾಳ ಚಲೋ ಬರದಿ," ಎಂದು ಹೆಬ್ಬೆಟ್ಟು ಒತ್ತಿದಳು.

ಪ್ರಾಂತ ಸಾಹೇಬರು ಆ ಕಾಗದವನ್ನು ಎರಡು ಸಲ ಓದಿದರಂತೆ. ಹೆಂಗಸೊಬ್ಬಳು ತಾನಾಗಿಯೇ ಹೀಗೆ ಬರೆದು ಒಪ್ಪಿಕೊಂಡಿದ್ದಾಳೆ, ಕೆಳಗೆ ವಯಸ್ಸು ಎಪ್ಪತ್ತೆರಡು ಎಂದಿದೆ. ಮೊದಲು ಹೋರಿಗೆ ಪೆಟ್ಟಾಗಿದೆಯೋ ನೋಡಬೇಕು ಎಂದು ಅಪ್ಪಣೆ ಮಾಡಿದರು. ದನದ ಡಾಕ್ಟರರೂ ಒಬ್ಬ ಪೊಲೀಸನೂ ಸೈಕಲ್ಲು ಹೊಡೆದುಕೊಂಡು ಅಸೂಟಿಗೆ ಹೋದರು. ಹೋರಿ ಜೋಳ ತುಂಬುವ ಹಗೆಯದ ಕಟ್ಟೆಯ ಮೇಲೆ ನಿಂತು ಅವರನ್ನೇ ನೋಡುತ್ತಿತ್ತು. ಡಾಕ್ಟರರು ಐವತ್ತು ಹೆಜ್ಜೆ ದೂರದಿಂದಲೇ ಅದರ ಪ್ರಕೃತಿ ಪರೀಕ್ಷಿಸಿ, ಹೋರಿ ಸುಖವಾಗಿದೆ ಎಂದು ಬರೆದುಕೊಂಡರು. ಮರಳಿ ಬರುವಾಗ ಹೋರಿ ಸೈಕಲ್ಲಿನ ಬೆನ್ನು ಹತ್ತಿತು. ಪೊಲೀಸ ಸೈಕಲ್ಲು ಬಿಟ್ಟು ಜಾಲಿ ಗಿಡ ಏರಿದ. ಈ ಎರಡನೆಯ ಸಂಗತಿಯನ್ನು ಅವರು ಬರೆದುಕೊಳ್ಳಲಿಲ್ಲ.

ಹದಿನೈದು ದಿನಕ್ಕೆ ಸಾಹೇಬರ ಮುಕ್ಕಾಮು ರೋಣದ ಬಂಗಲೆಗೆ ಬಂತು. ಅಡಿವೆವ್ವನನ್ನು ಕರೆಸಿದರು. ಬಾಗಿಲಲ್ಲಿ ನಿಂತ ಆ ಜೀವವನ್ನು ನೋಡಿ ಸಾಹೇಬರು ಚಷ್ಮಾ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಶಿರಸ್ತೇದಾರ ಗೋಪಾಲಕೃಷ್ಣರಾಯರು ನಡುವೆ ನಿಂತು ಮಾತು ದಾಟಿಸುತ್ತಿದ್ದರು.

"ಅಜ್ಜೀ, ಹೋರೀನ ತಿಪ್ಪಿಗೆ ಒಗದೀಯಂತಲ್ಲ, ಖರೇನು ಅಂತ ಕೇಳ್ಲಿಕ್ಕತ್ತಾರ ಸಾಹೇಬರು."

ಅಡಿವೆವ್ವ ರಾಯರ ಮುಖ ನೋಡಿದಳು, ಸಾಹೇಬರ ಮುಖ ನೋಡಿದಳು. "ಹರೇದಾಗ ಆಗಿದ್ರ ಒಗೀತಿದ್ನೇನೋರಿ," ಎಂದಳು. "ಈಗ ಎಲ್ಲೀದು ಶಕ್ತಿ. ಅದs ನನ್ನ ಒಗೀತು."

ರಾಯರು ಅದನ್ನು ಇಂಗ್ಲೀಷಿನಲ್ಲಿ ಹೇಳಲು ಹೋಗಿ ನಡುವೆ ಎರಡು ಸಲ ನಿಂತರು. ಸಾಹೇಬರು ಮೇಜಿನ ಮೇಲೆ ಕೈಯಿಟ್ಟು ನಗೆ ತಡೆದುಕೊಂಡು, ಇದನ್ನು ಬರೆದವರು ಯಾರು ಎಂದು ಕೇಳಿದರು.

ಅಂದಾನೆಪ್ಪ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಬಂದ. ಹೊಗಳಿಕೆಗೇ ಕರೆದಿದ್ದಾರೆ ಎಂದು ತಿಳಿದಿದ್ದ. ಸಾಹೇಬರು ಬಯ್ಯಲಿಲ್ಲ. ಒಂದು ಹಾಳೆ ಕೊಟ್ಟು, ರಾಯರ ಕಿವಿಯಲ್ಲಿ ಏನೋ ಹೇಳಿದರು.

"ಕುರೀನ ತ್ವಾಳ ತಿಂತು," ಎಂದರು ರಾಯರು. "ಇದನ್ನ ಇಂಗ್ಲೀಷಿನೊಳಗ ಬರೀರಿ."

ಇಷ್ಟೇನಾ ಎನಿಸಿತು ಅಂದಾನೆಪ್ಪನಿಗೆ. 'ಶೀಪ್ ಏಟ್ ವುಲ್ಫ್' ಎಂದು ದುಂಡಗೆ ಬರೆದು ಕೆಳಗೆ ಒಂದು ಗೆರೆಯನ್ನೂ ಎಳೆದ. ಸಾಹೇಬರು ಓದಿ ರಾಯರ ಕಡೆ ತಿರುಗಿ ಏನೋ ಅಂದರು. ರಾಯರು ಕೆಮ್ಮಿ ಹೇಳಿದರು: "ಈ ತಾಲೂಕಿನೊಳಗ ಕುರಿ ಕಂಡ್ರ ಹುಷಾರ್ ಇರಬೇಕು ಅಂತಾರ. ತ್ವಾಳನ್ನ ಕುರಿ ತಿಂತು ಅಂತ ಬರದೀರಿ ನೀವು. ವಾಕ್ಯ ಕಟ್ಟೂದು ಕಲಿಯೂತನಕ ಅವರಿಗೆ ಬರೀಬ್ಯಾಡ್ರಿ."

ಹೋರಿಯ ಕೆಲಸವೇನೋ ಆಯಿತು. ಊರಿನ ಹಿರಿಯರನ್ನು ಕರೆಸಿ ಸಾಹೇಬರು ಎದುರಿಗೇ ಮಾತಾಡಿದರು. ಅದಕ್ಕೆ ಮೂಗುದಾಣ ಬಿತ್ತು, ಗುಡಿಯ ಹಿಂದೊಂದು ಗೂಟ ಆಯಿತು. ಅಡಿವೆವ್ವ, "ನೀ ಹಂಗ ಬರದಿದ್ದಕ್ಕs ಅವರು ಓಡಿ ಬಂದ್ರು," ಎಂದು ಒಂದು ಪಡಿ ಹೊಸ ಕಡಲೆ ತಂದು ಕೊಟ್ಟಳು. ಅಂದಾನೆಪ್ಪ ಆ ಕಡಲೆಯನ್ನು ಹಾಗೇ ಗಂಟು ಕಟ್ಟಿ ಮನೆಗೆ ಒಯ್ದ. ಎಂಟು ತಿಂಗಳಿಂದ ಬರೆದ ಅರ್ಜಿಗಳೆಲ್ಲ ಕಣ್ಣ ಮುಂದೆ ಬಂದವು. ಹೊಲದ ಮೇರೆಯ ಬಾಂದುಗಲ್ಲು ಯಾರನ್ನು ಕಿತ್ತಿತೋ, ಬಾವಿ ಯಾರೊಳಗೆ ಬಿತ್ತೋ.

"ಸಾಲಿಗೆ ಹೋಗ್ರಿ ಹಂಗಾರ," ಎಂದಳು ಹೆಂಡತಿ ಗೌರವ್ವ, ರೊಟ್ಟಿ ಬಡಿಯುತ್ತಲೇ. "ನಲವತ್ತರಾಗ ಕಲೀಬಾರದು ಅಂತ ಎಲ್ಲಿ ಐತಿ."

ಇಂಗ್ಲೀಷು ನೆಟ್ಟಗೆ ಕಲಿತವರು ಊರಲ್ಲಿ ಇಂದಿರಾಬಾಯಿಯವರು. ಧಾರವಾಡದಲ್ಲಿ ಓದಿ ಹೆಣ್ಣುಮಕ್ಕಳ ಸಾಲಿಗೆ ಕಲಿಸುವ ಬಾಯಾರಾಗಿ ಬಂದಿದ್ದರು, ಮುದಿ ತಾಯಿ ಗಂಗಾಬಾಯಿಯವರೊಂದಿಗೆ ಇದ್ದರು. ಹೆಂಗಸಿನ ಮುಂದೆ ಪಾಟಿ ಹಿಡಿದು ಕೂಡುವುದು ಹೇಗೆ ಎಂದು ಅಂದಾನೆಪ್ಪ ನಾಲ್ಕು ದಿನ ಆ ಓಣಿಯಲ್ಲಿ ಸುಮ್ಮನೆ ತಿರುಗಾಡಿದ. ಐದನೆಯ ದಿನ ಬಾಯಾರೇ ಕೂಗಿ ಕರೆದರು.

"ಬರ್ರಿ ಅಂದಾನೆಪ್ಪನವರ. ಹೋರಿ ಸುದ್ದಿ ಕೇಳೀನಿ. ನಾಚಿಕೋಬ್ಯಾಡ್ರಿ, ಕೂಡ್ರಿ."

ಪಡಸಾಲೆಯಲ್ಲಿ ಊಟದ ಮಣೆ ಮೂರು ಸಾಲಾಗಿ ಹಾಕಿದರು. "ನಮ್ಮ ಶಬ್ದಕ್ಕ ಬಾಲ ಅದ. ಕುರಿಯನ್ನು, ಕುರಿಗೆ, ಕುರಿಯಿಂದ. ಎಲ್ಲಿ ಕೂತರೂ ಬಾಲ ನೋಡಿ ಗುರುತು ಹಿಡೀತೀವಿ. ಇಂಗ್ಲೀಷಿನ ಶಬ್ದಕ್ಕ ಬಾಲ ಇಲ್ಲ. ಕೂತ ಜಾಗಾದ ಮ್ಯಾಲೇ ಅದರ ಗುರುತು. ಮೊದಲನೇ ಮಣಿ ಮಾಡಿದವರದು. ಎರಡನೇದು ಕೆಲಸದ್ದು, ಅದು ನಿಮಗ ಗೊತ್ತದ. ಮೂರನೇದು ಯಾವುದಕ್ಕ ಮಾಡಿದ್ರೋ ಅದರದು. ಈಗ, ಅವಲಕ್ಕೀನ ನಮ್ಮ ಅವ್ವ ತಿಂದಳು ಅಂತ ಬರೀರಿ."

ಅಂದಾನೆಪ್ಪ ಬೆವರುತ್ತ ಬರೆದ. ಬಾಯಾರು ಪಾಟಿ ನೋಡಿ, "ಅವಲಕ್ಕಿ ಅವ್ವನ್ನ ತಿಂತು ಅಂತ ಆತು," ಎಂದರು. ಅಳಿಸಿ ಮತ್ತೆ ಬರೆದ. ಮತ್ತೆ ಹಾಗೆಯೇ ಆಯಿತು.

ಒಳಗಿನಿಂದ ಗಂಗಾಬಾಯಿಯವರು, "ಇಂದಿರಾ, ಅವಲಕ್ಕಿ ಎರಡು ಸಲ ನನ್ನ ತಿಂದದ, ಇನ್ನ ಸಾಕು ಮಾಡು," ಎಂದರು.

ಮೂರು ತಿಂಗಳು ಹೋದ. ಮಣೆಗಳು ತಲೆಯಲ್ಲಿ ಕೂತವು. ಬೇವಿನ ಗಿಡದ ಕೆಳಗೆ ಮತ್ತೆ ಟಾಕು ಹಿಡಿದಾಗ ಅಂದಾನೆಪ್ಪ ಬೇರೆಯೇ ಮನುಷ್ಯನಾಗಿದ್ದ. ಅರ್ಜಿದಾರ ಬಾಯಿ ತೆರೆಯುವ ಮೊದಲೇ, "ಯಾರು ಮಾಡಿದ್ರು? ಮೊದಲ ಅದನ್ನ ಹೇಳ್ರಿ," ಎನ್ನುತ್ತಿದ್ದ.

ಇದರಿಂದ ಅವನೂ ಎಣಿಸದ ಸಂಗತಿಯೊಂದು ನಡೆಯಿತು. ಜಕ್ಕಲಿಯವನೇ ಆದ ಈಶಪ್ಪ ಒಂದು ದಿನ ಬಂದು, "ನನ್ನ ಹಿತ್ತಲ ಗ್ವಾಡಿ ಕೆಡವ್ಯಾರ, ಬರೀರಿ," ಎಂದ.

"ಯಾರು?"

"ಕೆಡವ್ಯಾರ್ರಿ, ಅಷ್ಟ."

"ಇಂಗ್ಲೀಷಿನ್ಯಾಗ ಹಂಗ ಬರೂದಿಲ್ಲ ಈಶಪ್ಪ. ಮೊದಲನೇ ಮಣಿ ಖಾಲಿ ಇಡಾಕ ಬರೂದಿಲ್ಲ."

ಈಶಪ್ಪ ಎಲೆಯಡಿಕೆ ಹಾಕಿಕೊಂಡು ಬಹಳ ಹೊತ್ತು ರಸ್ತೆ ನೋಡಿದ. ಕೊನೆಗೆ, "ನನ್ನ ತಮ್ಮ ಹೊಳಿಯಪ್ಪ," ಎಂದ. ಅಂದಾನೆಪ್ಪ ಹೆಸರು ಬರೆದು ಕಾಗದ ತಿರುಗಿಸಿ ತೋರಿಸಿದ. ತಮ್ಮನ ಹೆಸರು ಎಲ್ಲಕ್ಕಿಂತ ಮುಂದೆ, ದೊಡ್ಡ ಅಕ್ಷರದಿಂದ ಸುರುವಾಗಿ ಕೂತಿತ್ತು. ಈಶಪ್ಪ ಅದನ್ನು ನೋಡಿದ, ಓದಲು ಬಾರದಿದ್ದರೂ ನೋಡಿದ. "ಅಂವ ಸಣ್ಣಾವ ಇದ್ದಾಗ ನಾನs ಹೆಗಲ ಮ್ಯಾಲೆ ಹೊತ್ತು ತಿರಗ್ಯಾಡಿದ್ದು. ಬ್ಯಾಡ ಬಿಡ್ರಿ," ಎಂದು ಎದ್ದ. ವಾರದಲ್ಲಿ ಅಣ್ಣತಮ್ಮ ಸೇರಿ ಗೋಡೆ ಕಟ್ಟುತ್ತಿದ್ದರು, ಬೈದಾಡುತ್ತಲೇ.

ಹೀಗೆ ಹತ್ತರಲ್ಲಿ ಮೂರು ಅರ್ಜಿ ಮೊದಲನೆಯ ಶಬ್ದಕ್ಕೇ ನಿಂತುಹೋಗತೊಡಗಿದವು. ಉಳಿದವು ಸಾಹೇಬರಿಗೆ ಹೋಗಿ ತಕ್ಷಣ ಅರ್ಥವಾದವು. ಒಂದರ ಅಂಚಿನಲ್ಲಿ ಅವರು 'ಗುಡ್' ಎಂದು ಕೆಂಪು ಶಾಯಿಯಲ್ಲಿ ಬರೆದು ಕಳಿಸಿದರು. ಅಂದಾನೆಪ್ಪ ಅದನ್ನು ಅರ್ಜಿದಾರನಿಗೆ ಕೊಡದೆ ಎರಡು ದಿನ ಕೋಟಿನ ಕಿಸೆಯಲ್ಲೇ ಇಟ್ಟುಕೊಂಡಿದ್ದ.

ಇದನ್ನೆಲ್ಲ ಹೇಳಲು ಹೋದಾಗ ಇಂದಿರಾಬಾಯಿಯವರು ಸಂತೋಷಪಟ್ಟು, "ಇನ್ನ ಕರ್ಮಣಿ ಪ್ರಯೋಗ ಕಲಸ್ತೀನಿ," ಎಂದರು. "ಗ್ವಾಡಿ ಕೆಡವಲ್ಪಟ್ಟಿತು. ಇದರೊಳಗ ಮಾಡಿದವರ ಹೆಸರು ಹೇಳಬೇಕಂತಿಲ್ಲ. ಇಂಗ್ಲೀಷಿನೊಳಗೂ ಅದ. ಸರ್ಕಾರೀ ಕಾಗದ ಬಹಳಷ್ಟು ಹೀಂಗೇ ಇರ್ತಾವ."

ಅಂದಾನೆಪ್ಪ ಪಾಟಿ ಕೆಳಗಿಟ್ಟ. ಮೋಸ ಹೋದವನಂತೆ ಆಗಿತ್ತು ಅವನ ಮುಖ. "ಅದನ್ನ ನನಗ ಕಲಸಬ್ಯಾಡ್ರಿ ಬಾಯಾರ," ಎಂದ. "ಗೊತ್ತಾದ್ರ ಯಾರ ಹೆಸರೂ ಕೇಳದ ಬರದಬಿಡ್ತೀನಿ."

ಬಾಯಾರು ಅವನನ್ನೇ ನೋಡಿ, ಆಯಿತು ಎಂದು ಮಣೆ ಎತ್ತಿಟ್ಟರು.

ಐವತ್ತಾರರಲ್ಲಿ ರಾಜ್ಯ ಒಂದಾಯಿತು. ಸಾಹೇಬರು ತಮ್ಮ ಕಡೆಗೆ ಹೋದರು, ಹೊಸಬರಿಗೆ ಕನ್ನಡ ಬರುತ್ತಿತ್ತು. ಇಂಗ್ಲೀಷ್ ಅರ್ಜಿ ಕೇಳುವವರು ಕಡಿಮೆಯಾದರು. ಅಂದಾನೆಪ್ಪ ಕನ್ನಡಕ್ಕೆ ಮರಳಿದ. ಆದರೆ ಅವನ ಕನ್ನಡ ಅರ್ಜಿಯಲ್ಲೂ ಈಗ ಮಾಡಿದವನು ಮೊದಲ ಸಾಲಿನಲ್ಲೇ ಸಿಗುತ್ತಿದ್ದ. ಗುಮಾಸ್ತರಿಗೆ ಓದುವ ಕೆಲಸ ಹಗುರಾಯಿತು.

ಅಷ್ಟರಲ್ಲಿ ಮಗಳು ಶೇಖವ್ವ ಇಂದಿರಾಬಾಯಿಯವರ ಹತ್ತಿರ ಇಂಗ್ಲೀಷು ಸುರು ಮಾಡಿದಳು. ಅಪ್ಪನಿಗಿಂತ ಚುರುಕು. ಒಂದು ಮುಂಜಾನೆ ಒಲೆಯ ಹತ್ತಿರ ಪಾತ್ರೆ ಉರುಳಿದ ಸಪ್ಪಳವಾಯಿತು. ಅಂದಾನೆಪ್ಪ ಹೋಗಿ ನೋಡಿದರೆ ನೆಲದ ತುಂಬ ಹಾಲು, ನಡುವೆ ಮಗಳು.

"ಏನಾತು?"

"ಹಾಲು ಚೆಲ್ಲಲ್ಪಟ್ಟಿತಪ್ಪಾ," ಎಂದಳು ಶೇಖವ್ವ.

ಅಂದಾನೆಪ್ಪ ಉರುಳಿದ ಪಾತ್ರೆ ಎತ್ತಿಟ್ಟ. "ಹಿಂಗ ಮಾತಾಡೂದು ನಿನಗ ಯಾರು ಕಲಿಸಿದ್ರು?"

"ಕಲಿಸಲ್ಪಟ್ಟಿತು."

ಗೌರವ್ವ ಅರಿವೆ ತಂದು ನೆಲ ಒರೆಸತೊಡಗಿದಳು. ಬೆಕ್ಕು ಆಗಲೇ ಇನ್ನೊಂದು ತುದಿಯಿಂದ ಸುರು ಮಾಡಿತ್ತು.